ಭದ್ರೆಯ ನೀರಿಗೆ ಉಪ್ಪು ಬೆರೆಸಿದರೆ ಅಳಿವೆಯಾದೀತೆ?

ಪ್ರಶ್ನೆ: ರಜೆಯಲ್ಲಿ ಹೊನ್ನಾವರಕ್ಕೆ ಹೋಗಿದ್ದೆವು. ಕಾಸರಕೋಡಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಹಾಕಿರುವ ಮರದ ದಾರಿಯ ಮೇಲೆ ನಡೆಯುವಾಗ, ಕೆಳಗೆ ಕೆಸರಿನಲ್ಲಿ ಪುಟ್ಟ ಮೀನುಗಳು ಕುಪ್ಪಳಿಸುತ್ತಿದ್ದವು. ಮಡ್‌ಸ್ಕಿಪ್ಪರ್ ಅಂತ ಅಲ್ಲಿದ್ದವರು ಹೇಳಿದರು. ನಮ್ಮ ಮನೆಯಲ್ಲಿ ಮೂರು ಅಡಿಯ ಅಕ್ವೇರಿಯಂ ಖಾಲಿ ಬಿದ್ದಿದೆ. ನಲ್ಲಿ ನೀರಿಗೆ ಉಪ್ಪು ಹಾಕಿ ಈ ಮೀನು ಸಾಕಬಹುದೇ? ಎಷ್ಟು ಉಪ್ಪು ಹಾಕಬೇಕು? ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಕಾಲೇಜು ವಿದ್ಯಾರ್ಥಿನಿ, ನ್ಯೂ ಟೌನ್, ಭದ್ರಾವತಿ

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ, ಕಾಸರಕೋಡಿನ ಕೆಸರಿನಿಂದ ಮೀನು ಹಿಡಿದು ತರಬೇಡಿ. ಮಡ್‌ಸ್ಕಿಪ್ಪರನ್ನು ಮನೆಯಲ್ಲಿ ಬದುಕಿಸಲು ಸಾಧ್ಯವೇ ಇಲ್ಲ ಎಂದಲ್ಲ. ಪಶ್ಚಿಮ ಆಫ್ರಿಕಾದ ಒಂದು ಜಾತಿಯನ್ನು ಯುರೋಪ್, ಅಮೆರಿಕದ ಹವ್ಯಾಸಿಗಳು ಬಹಳ ಕಾಲದಿಂದ ಸಾಕುತ್ತಿದ್ದಾರೆ. ಆದರೆ ಅವರ ತೊಟ್ಟಿಗಳನ್ನು ನೋಡಿದರೆ ಅಕ್ವೇರಿಯಂ ಎಂದು ನಿಮಗೆ ಅನ್ನಿಸುವುದೇ ಇಲ್ಲ. ನಿಮ್ಮ ಪ್ರಶ್ನೆ ಉಪ್ಪಿನ ಅಳತೆಯ ಬಗ್ಗೆ ಇದೆ. ಈ ಮೀನಿನ ಮಟ್ಟಿಗೆ ಉಪ್ಪು ಎರಡನೆಯ ಮಾತು; ಮೊದಲು ಬೇಕಾದ್ದು ಗಾಳಿ, ಕೆಸರು ಮತ್ತು ಉಬ್ಬರ-ಇಳಿತ.

ಮಡ್‌ಸ್ಕಿಪ್ಪರ್ ಗೋಬಿ ಮೀನುಗಳ ಬಳಗದ್ದು. ಉಬ್ಬರ ಇಳಿದಾಗ ಉಳಿದ ಮೀನುಗಳೆಲ್ಲ ನೀರಿನೊಂದಿಗೆ ಹಿಂದೆ ಸರಿಯುತ್ತವೆ, ಇದು ಮಾತ್ರ ಬಯಲಾದ ಕೆಸರಿನ ಮೇಲೆ ಉಳಿದು ತನ್ನ ದಿನಚರಿ ಶುರು ಮಾಡುತ್ತದೆ. ಎದೆಯ ಎರಡು ಈಜುರೆಕ್ಕೆಗಳನ್ನು ಊರುಗೋಲಿನಂತೆ ಊರಿ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಗಾಬರಿಯಾದರೆ ಬಾಲ ಮಡಚಿ ನೆಲಕ್ಕೆ ಒದ್ದು ಹಾರುತ್ತದೆ. ನೀವು ನೋಡಿದ ಕುಪ್ಪಳಿಕೆ ಅದೇ ಇರಬೇಕು. ಮೇಲೆ ಬರುವಾಗ ಕಿವಿರಿನ ಕೋಣೆಯಲ್ಲಿ ಒಂದಿಷ್ಟು ನೀರು ತುಂಬಿಕೊಂಡಿರುತ್ತದೆ. ಜೊತೆಗೆ ಒದ್ದೆಯಾದ ಚರ್ಮದ ಮೂಲಕವೂ ಬಾಯಿ-ಗಂಟಲಿನ ಒಳಪದರದ ಮೂಲಕವೂ ಗಾಳಿಯ ಆಮ್ಲಜನಕವನ್ನು ನೇರವಾಗಿ ಹೀರಿಕೊಳ್ಳುತ್ತದೆ. ಚರ್ಮ ಒಣಗಿದರೆ ಉಸಿರೂ ನಿಂತಂತೆ. ಅದಕ್ಕೇ ಸ್ವಲ್ಪ ಹೊತ್ತಿಗೊಮ್ಮೆ ಮಗ್ಗುಲಾಗಿ ಹೊರಳಿ ಮೈಯ ಒಂದು ಬದಿಯನ್ನು ಕೆಸರುನೀರಿಗೆ ತಾಗಿಸುತ್ತದೆ, ಆಮೇಲೆ ಇನ್ನೊಂದು ಬದಿಯನ್ನು. ತಲೆಯ ಮೇಲೆ ಉಬ್ಬಿಕೊಂಡಿರುವ ಕಣ್ಣುಗಳನ್ನೂ ಆಗಾಗ ಒಳಕ್ಕೆ ಎಳೆದುಕೊಂಡು, ಕೆಳಗಿನ ಚರ್ಮದ ಬಟ್ಟಲಿನಲ್ಲಿ ಒದ್ದೆ ಮಾಡಿಕೊಂಡು ಮತ್ತೆ ಹೊರಗೆ ತರುತ್ತದೆ. ನೀರಿನಲ್ಲೇ ಇರುವ ಮೀನಿಗೆ ಕಣ್ಣು ಮಿಟುಕಿಸುವ ಅಗತ್ಯವೇ ಇಲ್ಲ. ಈ ಮೀನು ಏಕೆ ಮಿಟುಕಿಸುತ್ತದೆ ಎಂದು ಅಮೆರಿಕದ ಸಂಶೋಧಕರು ಹುಡುಕಿ 2023ರಲ್ಲಿ ಪ್ರಕಟಿಸಿದ್ದಾರೆ: ನಮ್ಮ ಹಾಗೆಯೇ ಕಣ್ಣನ್ನು ಒದ್ದೆಯಾಗಿಡಲು, ಕಸ ತೆಗೆಯಲು, ಪೆಟ್ಟಿನಿಂದ ಕಾಪಾಡಿಕೊಳ್ಳಲು.

ಅದು ತಿನ್ನುವ ರೀತಿ ಇನ್ನೂ ಸೋಜಿಗದ್ದು. ನೀರಿನಲ್ಲಿರುವ ಮೀನು ಬಾಯಿ ತೆರೆದು ನೀರಿನ ಜೊತೆ ಆಹಾರವನ್ನೂ ಒಳಕ್ಕೆ ಸೆಳೆದುಕೊಳ್ಳುತ್ತದೆ. ನೆಲದ ಮೇಲೆ ಸೆಳೆಯಲು ನೀರೆಲ್ಲಿ? ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದವರು ಆಫ್ರಿಕಾದ ಮಡ್‌ಸ್ಕಿಪ್ಪರನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2015ರಲ್ಲಿ ಉತ್ತರ ಕೊಟ್ಟರು. ಬಾಯಲ್ಲಿ ಹೊತ್ತು ತಂದ ನೀರನ್ನು ಮೀನು ತುಸುವೇ ಹೊರಕ್ಕೆ ಚಾಚುತ್ತದೆ, ಆ ನೀರು ಹುಳುವನ್ನು ಆವರಿಸುತ್ತದೆ, ಮರುಕ್ಷಣ ನೀರನ್ನೂ ಹುಳುವನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ. ಬಾಯಲ್ಲಿನ ನೀರೇ ಅದಕ್ಕೆ ನಾಲಿಗೆ. ಮನೆಯಲ್ಲಿ ಸಾಕುವವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಅದು ಕೂರುವ ಒಣಜಾಗಕ್ಕೂ ನೀರಿಗೂ ನಡುವೆ ಎತ್ತರದ ಗೋಡೆ ಇರಬಾರದು. ಒಂದೊಂದು ತುತ್ತಿಗೂ ಇಳಿದು ಬಂದು ಬಾಯಿಗೆ ನೀರು ತುಂಬಿಕೊಳ್ಳುವಷ್ಟು ಹತ್ತಿರದಲ್ಲಿ, ಇಳಿಜಾರಿನ ದಡ ಬೇಕು.

ಮಡ್‌ಸ್ಕಿಪ್ಪರ್ ಅಂದರೆ ಒಂದೇ ಜಾತಿಯೂ ಅಲ್ಲ. ಪೆರಿಯಾಫ್ತಾಲ್ಮಸ್ ಕುಲದವು ಹುಳು, ಇರುವೆ, ಪುಟ್ಟ ಏಡಿ ಹಿಡಿದು ತಿನ್ನುವ ಬೇಟೆಗಾರರು. ತೊಟ್ಟಿಯಲ್ಲಿ ಬದುಕುವವು ಸಾಮಾನ್ಯವಾಗಿ ಇವೇ, ಏಕೆಂದರೆ ಸಣ್ಣಗೆ ಕತ್ತರಿಸಿದ ಸೀಗಡಿ ಕೊಟ್ಟರೂ ಒಗ್ಗಿಕೊಳ್ಳುತ್ತವೆ. ಬೊಲಿಯಾಫ್ತಾಲ್ಮಸ್ ಕುಲದವು ಇವಕ್ಕಿಂತ ದೊಡ್ಡವು, ಮೈಮೇಲೆ ನೀಲಿ ಚುಕ್ಕೆಯ ಬೆಡಗಿನವು. ಅವು ಮೇಯುತ್ತವೆ. ಕೆಸರಿನ ಮೇಲೆ ಬಿಸಿಲಿಗೆ ಬೆಳೆಯುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ತೆಳುಪೊರೆಯನ್ನು, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಹಲ್ಲಿನಿಂದ ಕೆರೆದು ತಿನ್ನುತ್ತವೆ. ಮೆದು ಕೆಸರಿನ ಮೇಲೆ ಆ ಗೀರು ಎದ್ದು ಕಾಣುತ್ತದೆ. ದಿನವೂ ಹೊಸದಾಗಿ ಬೆಳೆಯುವ ಆ ಪೊರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಯಾರೂ ಒದಗಿಸಲಾರರು. ಮುಂಬೈ ಕಡೆ ಮಡ್‌ಸ್ಕಿಪ್ಪರನ್ನು ನಿವ್ಟಿ ಎಂದು ಕರೆದು ಅಡುಗೆಗೆ ಬಳಸುತ್ತಾರೆ. ಮೀನು ಮಾರುಕಟ್ಟೆಯಲ್ಲಿ ಜೀವಂತ ಸಿಕ್ಕಿತೆಂದು ಮೇಯುವ ಜಾತಿಯದನ್ನು ತೊಟ್ಟಿಗೆ ಬಿಟ್ಟರೆ ಅದು ಹಸಿವಿನಿಂದ ಸೊರಗುತ್ತದೆ. ಗುರುತು ಹಿಡಿಯದೆ ಕೆಸರಿನಿಂದ ಹಿಡಿದು ತರಬೇಡಿ ಎನ್ನಲು ಇದು ಒಂದು ಕಾರಣ.

ಇನ್ನೊಂದು ಕಾರಣ ಕೆಸರಿನ ಒಳಗಿದೆ. ನಿಮ್ಮ ಕಣ್ಣಿಗೆ ಬಿದ್ದದ್ದು ಕೆಸರಿನ ಮೇಲಿನ ಅರ್ಧ ಬದುಕು ಮಾತ್ರ. ಜಪಾನಿನ ನಾಗಸಾಕಿ ವಿಶ್ವವಿದ್ಯಾಲಯದ ಅತ್ಸುಶಿ ಇಶಿಮಾತ್ಸು ಮತ್ತು ಜೊತೆಗಾರರು ಅಲ್ಲಿನ ಮಡ್‌ಸ್ಕಿಪ್ಪರ್ ಬಿಲಗಳೊಳಗೆ ಏನು ನಡೆಯುತ್ತದೆಂದು ನೋಡಿ 2007ರಲ್ಲಿ ಬರೆದದ್ದನ್ನು ಓದಿ ನಾನು ಬೆರಗಾಗಿದ್ದೇನೆ. ಬಿಲ ಕೆಳಕ್ಕೆ ಇಳಿದು, ತುದಿಯಲ್ಲಿ ಮತ್ತೆ ಮೇಲಕ್ಕೆ ಬಾಗಿ ಒಂದು ಕೋಣೆಯಾಗುತ್ತದೆ. ಆ ಕೋಣೆಯ ಚಾವಣಿಗೆ ಮೊಟ್ಟೆಗಳು ಅಂಟಿಕೊಂಡಿರುತ್ತವೆ. ಸುತ್ತಲ ಕೆಸರುನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಗಂಡುಮೀನು ಇಳಿತವಿದ್ದಾಗಲೆಲ್ಲ ಮೇಲೆ ಬಂದು ಬಾಯಿತುಂಬ ಗಾಳಿ ತುಂಬಿಕೊಂಡು ಹೋಗಿ ಕೋಣೆಯಲ್ಲಿ ಬಿಡುತ್ತದೆ. ಮೊಟ್ಟೆ ಬೆಳೆಯುವುದು ಹಾಗೆ ಹೊತ್ತು ತಂದ ಗಾಳಿಯಲ್ಲಿ. ಮರಿಯೊಡೆಯುವ ಹೊತ್ತು ಬಂದಾಗ, ರಾತ್ರಿಯ ಉಬ್ಬರದಲ್ಲಿ, ಅದೇ ಗಂಡು ಗಾಳಿಯನ್ನು ಬಾಯಿಬಾಯಿಯಾಗಿ ಹೊರಗೆ ಸಾಗಿಸುತ್ತದೆ. ಕೋಣೆಗೆ ನೀರು ನುಗ್ಗುತ್ತದೆ, ಮೊಟ್ಟೆಗಳು ಒಡೆಯುತ್ತವೆ, ಮರಿಗಳು ಉಬ್ಬರದ ನೀರಿನೊಂದಿಗೆ ತೇಲಿ ಹೋಗುತ್ತವೆ. ಅಂಗಡಿಯಲ್ಲಿ ಸಿಗುವ ಮಡ್‌ಸ್ಕಿಪ್ಪರ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಾಡಿನಿಂದ, ಅಂದರೆ ಯಾವುದೋ ಅಳಿವೆಯಿಂದ ಹಿಡಿದು ತಂದವೇ ಆಗಿರುವುದು ಇದರಿಂದಾಗಿ. ಗಪ್ಪಿ, ಮೊಲ್ಲಿಗಳ ಹಾಗೆ ಇವನ್ನು ತೊಟ್ಟಿಯಲ್ಲಿ ಮರಿಮಾಡಿಸಿ ಮಾರುವವರಿಲ್ಲ.

ಇನ್ನು ಉಪ್ಪಿನ ವಿಷಯ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಸವುಳು ನೀರಿನ ಮೀನುಗಳಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ ಲೀಟರಿಗೆ 5ರಿಂದ 15 ಗ್ರಾಂ. ಮಡ್‌ಸ್ಕಿಪ್ಪರಿಗೆ 10 ಗ್ರಾಂ ಆಸುಪಾಸು ಸಾಕು. ಅಡುಗೆಮನೆಯ ಪುಡಿಯುಪ್ಪನ್ನು ತೂಗಿ ಹಾಕಿದರೆ ಈ ಅಂಕಿ ಸರಿಯಾಗಿ ಬಂದೀತು, ನೀರು ಮಾತ್ರ ಸರಿಯಾಗುವುದಿಲ್ಲ. ಕಲ್ಲುಪ್ಪು ಸಮುದ್ರದ್ದೇ ತಾನೆ, ಅದನ್ನು ಹಾಕಿದರಾಯಿತು ಎನ್ನುವವರೂ ಇದ್ದಾರೆ. ಅವರು ಒಮ್ಮೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಹೋಗಿ ಬರಬೇಕು. ಅಘನಾಶಿನಿ ಅಳಿವೆಯ ನೀರನ್ನು ಗದ್ದೆಗೆ ಹಾಯಿಸಿ ಬಿಸಿಲಿಗೆ ಬತ್ತಿಸಿ ಅಲ್ಲಿ ಉಪ್ಪು ತೆಗೆಯುತ್ತಾರೆ. ನೀರು ಬತ್ತುತ್ತ ಬಂದ ಹಾಗೆ ಮೊದಲು ಸುಣ್ಣದಂಶ, ಜಿಪ್ಸಮ್ ತಳಕ್ಕೆ ಇಳಿಯುತ್ತವೆ. ಆಮೇಲೆ ಹರಳುಗಟ್ಟುವುದು ನಾವು ತಿನ್ನುವ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ ಮುಂತಾದವು ಕೊನೆಯ ಕಹಿನೀರಿನಲ್ಲಿ ಉಳಿದು ಹೊರಗೆ ಹೋಗುತ್ತವೆ. ಹಾಗಾಗಿ ಕಲ್ಲುಪ್ಪು ಸಮುದ್ರದಿಂದ ಬಂದದ್ದಾದರೂ ಅದನ್ನು ಕರಗಿಸಿದರೆ ಸಮುದ್ರದ ನೀರು ಮರಳಿ ಬರುವುದಿಲ್ಲ. ಸುಣ್ಣ, ಮೆಗ್ನೀಸಿಯಂ, ನೀರಿನ ಕ್ಷಾರವನ್ನು ಹಿಡಿದಿಡುವ ಬೈಕಾರ್ಬನೇಟ್, ಇವೆಲ್ಲ ಸೇರಿರುವ ಮರೈನ್ ಸಾಲ್ಟ್ ಎಂಬ ಮಿಶ್ರಣವನ್ನೇ ಕೊಳ್ಳಬೇಕು. ಬೆಲೆ ಜಾಸ್ತಿ, ಬೇರೆ ದಾರಿಯಿಲ್ಲ.

ನಮ್ಮ ಊರುಗಳ ನೀರಿಗೆ ಇದು ಇನ್ನಷ್ಟು ಮುಖ್ಯ. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತೇವೆ. ಶಿವಮೊಗ್ಗಕ್ಕೆ ತುಂಗೆ, ಭದ್ರಾವತಿಗೆ ಭದ್ರೆ, ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಘಟ್ಟದ ಗಟ್ಟಿ ಬಂಡೆಗಳ ಮೇಲೆ, ಜೋರು ಮಳೆಯಲ್ಲಿ ಹರಿದು ಬರುವ ಈ ನೀರಿನಲ್ಲಿ ಕರಗಿದ ಸುಣ್ಣದಂಶ ಕಡಿಮೆ. ಕುಡಿಯಲು ಸಿಹಿ, ಬೇಳೆ ಬೇಯಲು ಸಲೀಸು. ಅಳಿವೆಯ ಮೀನಿಗೆ ಬೇಕಾದ್ದು ಇದಕ್ಕೆ ತಿರುಗುಮುರುಗಾದ ಗಡಸು ನೀರು, ಪಿಎಚ್ 7.5ರಿಂದ 8.5ರವರೆಗೆ. ಮೆದುನೀರಿಗೆ ಬರೀ ಉಪ್ಪು ಹಾಕಿದರೆ ಪಿಎಚ್ ನಿಲ್ಲದೆ ದಿನದಿನಕ್ಕೆ ಇಳಿಯುತ್ತದೆ. ಇದಕ್ಕೆ ಹವಳದ ಮರಳು ಹಾಕಿ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಹವಳ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದರ ಗೊಡವೆಗೆ ಹೋಗಬೇಡಿ. ಕರಾವಳಿಯಲ್ಲಿ ಅಡುಗೆಗೆ ಬಳಸಿ ಬಿಸಾಡುವ ಬಳಚಿನ ಚಿಪ್ಪುಗಳನ್ನು ತೊಳೆದು, ಕುದಿಸಿ, ಒಣಗಿಸಿ, ಫಿಲ್ಟರಿನಲ್ಲಿ ತುಂಬಿದರೆ ಅದೇ ಕೆಲಸ ಆಗುತ್ತದೆ. ಚಿಪ್ಪು ಅಂದರೆ ಸುಣ್ಣವೇ ತಾನೆ.

ಹೊನ್ನಾವರದಿಂದ ಕ್ಯಾನಿನಲ್ಲಿ ನೀರನ್ನೇ ತಂದರೆ ಹೇಗೆ ಎಂದು ನೀವು ಮುಂದಿನ ಪತ್ರದಲ್ಲಿ ಕೇಳಬಹುದು. ಬೇಡ. ಆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಗೇರುಸೊಪ್ಪೆ ಘಾಟಿ ಹತ್ತಿ ಬರುವಷ್ಟರಲ್ಲಿ ಸಾಯತೊಡಗಿ ನೀರು ಕೆಡುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಅಳಿವೆಯ ನೀರಿನಲ್ಲಿ ಉಪ್ಪು ಎಷ್ಟಿದೆ ಎಂಬುದು ನೀವು ತುಂಬಿಕೊಂಡ ಹೊತ್ತಿನ ಮೇಲೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದಾಗ ಅಳಿವೆ ಬಹುಪಾಲು ಸಿಹಿ, ಅಣೆಕಟ್ಟಿಲ್ಲದ ಹೊಳೆಯಾದರೆ ಏಪ್ರಿಲ್-ಮೇನಲ್ಲಿ ಸಮುದ್ರದಷ್ಟೇ ಉಪ್ಪು. ಅಲ್ಲಿನ ಮೀನುಗಳ ಮೈ ಈ ಏರಿಳಿತಕ್ಕೆ ಪಳಗಿದೆ. ಸಿಹಿನೀರಿನಲ್ಲಿದ್ದಾಗ ಮೀನಿನ ಮೈಯೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಅದನ್ನು ಮೂತ್ರವಾಗಿ ಹೊರಹಾಕುತ್ತ ಉಪ್ಪನ್ನು ಉಳಿಸಿಕೊಳ್ಳಬೇಕು. ಉಪ್ಪುನೀರಿನಲ್ಲಿ ಲೆಕ್ಕ ತಿರುಗುತ್ತದೆ: ಮೈಯ ನೀರು ಸೋರಿಹೋಗುತ್ತದೆ, ಮೀನು ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದೂಡುತ್ತದೆ. ಅಳಿವೆಯ ಮೀನು ಎರಡೂ ಮಾಡಬಲ್ಲದು, ಆದರೆ ಒಂದರಿಂದ ಇನ್ನೊಂದಕ್ಕೆ ಪೂರ್ತಿ ಹೊರಳಲು ಅದಕ್ಕೆ ಸಮಯ ಬೇಕು. ತೊಟ್ಟಿಯ ಉಪ್ಪನ್ನು ಒಂದೇ ದಿನದಲ್ಲಿ ಏರಿಸುವುದು, ಇಳಿಸುವುದು ಅದಕ್ಕೆ ಹಿಂಸೆ.

ಏರಿಳಿತ ನಿಂತುಹೋದರೆ ಒಂದು ಅಳಿವೆ ಏನಾಗುತ್ತದೆ ಎಂದು ತಿಳಿಯಲು ನೀವು ದೂರ ಹುಡುಕಬೇಕಿಲ್ಲ, ಅದು ನಮ್ಮ ಜಿಲ್ಲೆಯದೇ ಕತೆ. ತುಂಗಭದ್ರೆಯರು ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾರೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಮಾತ್ರ ಪಶ್ಚಿಮಕ್ಕೆ ಇಳಿದು, ನೀವು ಮೀನು ನೋಡಿದ ಜಾಗದ ಪಕ್ಕದಲ್ಲೇ ಕಡಲು ಸೇರುತ್ತದೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮಳೆಗಾಲದ ನೀರನ್ನು ಅಲ್ಲಿ ಹಿಡಿದಿಟ್ಟು ವರ್ಷವಿಡೀ ವಿದ್ಯುತ್ತಿಗಾಗಿ ಬಿಡುವುದರಿಂದ, ಕಡುಬೇಸಿಗೆಯಲ್ಲೂ ಶರಾವತಿ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಜೊತೆಗಾರರು ಈ ಅಳಿವೆಯನ್ನೂ ಅಣೆಕಟ್ಟೇ ಇಲ್ಲದ ಅಘನಾಶಿನಿಯ ಅಳಿವೆಯನ್ನೂ ಅಭ್ಯಾಸ ಮಾಡಿದ್ದಾರೆ. ಅಘನಾಶಿನಿಯಲ್ಲಿ ಬಳಚು ಆಯ್ದು ಎಷ್ಟೋ ಕುಟುಂಬಗಳು ಇಂದಿಗೂ ಜೀವನ ಸಾಗಿಸುತ್ತಿವೆ. ಶರಾವತಿಯಲ್ಲಿ ಹಿಂದೆ ಸಿಗುತ್ತಿದ್ದ ಚಿಪ್ಪಿಜೀವಿಗಳು ಉಪ್ಪು ಕಡಿಮೆಯಾದಂತೆ ಕ್ಷೀಣಿಸಿದವು. ಇಡೀ ಅಳಿವೆಯಲ್ಲೇ ಹೀಗಾಗುವಾಗ ಇಪ್ಪತ್ತು ಲೀಟರ್ ನೀರಿನ ಮಾತೇನು? ನಮ್ಮ ಮನೆಯ ದೀಪ ಉರಿಸುವ ನೀರೇ ಆ ಕೆಸರಿನ ಜೀವಗಳ ಉಪ್ಪನ್ನೂ ನಿರ್ಧರಿಸುತ್ತಿದೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯವರಾದ ನಾವು ತಿಳಿದಿರಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇಪ್ಪತ್ತು ಲೀಟರ್ ಎಂದದ್ದು ಸುಮ್ಮನೆ ಅಲ್ಲ. ನಿಮ್ಮದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿ ಎಂದಿಟ್ಟುಕೊಳ್ಳಿ. ಮಡ್‌ಸ್ಕಿಪ್ಪರಿಗಾಗಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಮರಳಿನ ದಡವಾಗಿ ಬಿಟ್ಟು, ಉಳಿದದ್ದರಲ್ಲಿ ನಾಲ್ಕು ಇಂಚು ನೀರು ನಿಲ್ಲಿಸಿದರೆ ಸಿಗುವುದು ಅಷ್ಟೇ. ಮೀನಿನ ಮಲಮೂತ್ರದ ಅಮೋನಿಯಾ ಇಷ್ಟು ಕಡಿಮೆ ನೀರಿನಲ್ಲಿ ಬೇಗ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಆ ಅಮೋನಿಯಾದಲ್ಲಿ ವಿಷವಾಗುವ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಗಡಸು ನೀರು ಬೇಕೇ ಬೇಕು, ಅದರಲ್ಲಿ ಕೊಳೆ ಇರಲೇಬಾರದು. ಸವುಳು ನೀರಿನ ಅಕ್ವೇರಿಯಂನ ಇಕ್ಕಟ್ಟು ಇದು. ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ವಾರಗಳು ಬೇಕು. ಉಪ್ಪನ್ನು ಹಠಾತ್ತಾಗಿ ಬದಲಿಸಿದರೆ ಅವೂ ಕೆಲಸ ನಿಲ್ಲಿಸುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ನೀರು ಬದಲಾಯಿಸುವಾಗ ಮಾತ್ರ ಬಕೆಟ್ಟಿನಲ್ಲಿ ಮೊದಲೇ ಉಪ್ಪು ಕರಗಿಸಿ, ಹೈಡ್ರೊಮೀಟರಿನಲ್ಲಿ ಅಳೆದು ಹಾಕಬೇಕು. ಮೇಲೆ ಗಾಜಿನ ಮುಚ್ಚಳ ಬಿಗಿಯಾಗಿರಲಿ. ಒಳಗಿನ ಗಾಳಿ ಬೆಚ್ಚಗೆ, ತೇವವಾಗಿ ಇದ್ದರೆ ಮಾತ್ರ ಚರ್ಮದ ಉಸಿರಾಟ ನಡೆದೀತು, ಡಿಸೆಂಬರ್-ಜನವರಿಯ ನಮ್ಮ ಚಳಿ ರಾತ್ರಿಗಳಲ್ಲಿ ಅದಕ್ಕೆ ಹೀಟರ್ ಬೇಕು. ಮುಚ್ಚಳದಲ್ಲಿ ಸಂದು ಬಿಟ್ಟರೆ ಮೀನು ಗಾಜು ಹತ್ತಿ ಹೊರಗೆ ಬರುತ್ತದೆ. ಅಸಲಿ ಕೆಸರು ತಂದು ಹಾಕಿದರೆ ಅದು ಒಳಗೊಳಗೇ ಕೊಳೆತು ಕೊಳೆಮೊಟ್ಟೆ ವಾಸನೆಯ ವಿಷಾನಿಲ ಬಿಡುತ್ತದೆ. ಎರಡು ಗಂಡುಗಳಿದ್ದರೆ ಬೆನ್ನಿನ ರೆಕ್ಕೆ ಎತ್ತಿ ದಿನವೂ ಕಾದಾಡುತ್ತವೆ, ಸೋತದ್ದಕ್ಕೆ ಓಡಲು ಜಾಗವಿರುವುದಿಲ್ಲ. ಒಂದೇ ಒಂದು ಅನುಕೂಲವೆಂದರೆ, ಕರೆಂಟು ಹೋದರೂ ಇದು ಬೇರೆ ಮೀನಿನ ಹಾಗೆ ಉಸಿರುಗಟ್ಟುವುದಿಲ್ಲ.

ಸಿಹಿನೀರಿನಲ್ಲೇ ಬದುಕುತ್ತದೆ, ಉಪ್ಪು ಯಾಕೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡಿ. ಕೂಡಲೇ ಸಾಯುವುದಿಲ್ಲ, ನಿಜ. ವಾರಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಸೊರಗತೊಡಗುತ್ತದೆ, ಚರ್ಮಕ್ಕೆ ಹುಣ್ಣು ಬೀಳುತ್ತದೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ.

ನಿಮ್ಮ ತೊಟ್ಟಿಗೆ ನಾನು ಸೂಚಿಸುವ ಮೀನು ಆರೆಂಜ್ ಕ್ರೊಮೈಡ್. ಕೇರಳದವರು ಇಷ್ಟಪಟ್ಟು ತಿನ್ನುವ ಕರಿಮೀನಿನ ಪುಟ್ಟ ನಂಟ, ಮೂರು ಇಂಚು ಬೆಳೆಯುತ್ತದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹೊಳೆ, ಹಿನ್ನೀರು, ಅಳಿವೆಗಳೇ ಇದರ ತವರು. ಸಿಹಿನೀರಿಗೂ ಸವುಳಿಗೂ ಹೊಂದಿಕೊಳ್ಳುತ್ತದೆ. ಲೀಟರಿಗೆ 3ರಿಂದ 5 ಗ್ರಾಂ ಮರೈನ್ ಸಾಲ್ಟ್ ಸಾಕು, ನಿಮ್ಮ ತೊಟ್ಟಿಯನ್ನು ಪೂರ್ತಿ ತುಂಬಿಸಬಹುದು, ಇಪ್ಪತ್ತು ಲೀಟರಿನ ಇಕ್ಕಟ್ಟು ಇರುವುದಿಲ್ಲ. ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು ಕೇಳಿ ಕೊಳ್ಳಿ. ಜೋಡಿಯಾದರೆ ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಮೊಟ್ಟೆ ಇಡುತ್ತವೆ, ಗಂಡು-ಹೆಣ್ಣು ಎರಡೂ ಕಾವಲು ಕಾಯುತ್ತವೆ. ಮರಿಗಳು ತಂದೆತಾಯಿಯ ಮೈಗೆ ಮುತ್ತಿ ಚರ್ಮದ ಮೇಲಿನ ಲೋಳೆಯನ್ನು ಚಿಟುಕಿ ಚಿಟುಕಿ ತಿನ್ನುವುದನ್ನು ಗಾಜಿಗೆ ಮುಖವಿಟ್ಟು ನೋಡಬಹುದು.

ಅದಕ್ಕೂ ಮೊದಲು ಕೈ ಪಳಗಬೇಕೆಂದರೆ ಮೊಲ್ಲಿಯಿಂದ ಶುರು ಮಾಡಿ. ಎಲ್ಲ ಅಂಗಡಿಯಲ್ಲೂ ಸಿಗುವ ಈ ಮೀನು ಗಡಸು ನೀರನ್ನು ಬಯಸುವಂಥದು, ನಿಧಾನವಾಗಿ ಒಗ್ಗಿಸಿದರೆ ಸಮುದ್ರದ ನೀರಿನಲ್ಲೂ ಬದುಕಬಲ್ಲದು. ತುಂಗೆ-ಭದ್ರೆಯರ ಮೆದುನೀರಿನಲ್ಲಿ ಮೊಲ್ಲಿ ಮುಂದೆ ಹೋಗದೆ ನಿಂತಲ್ಲೇ ಮೈ ಕುಲುಕಿಸುತ್ತಿದ್ದರೆ ಅದಕ್ಕೆ ಬಹುಪಾಲು ನೀರೇ ಕಾರಣ, ಬಣ್ಣದ ಔಷಧಿ ಹಾಕಿ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲಿ ಪಾತ್ರೆಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಿದ್ದರೆ ನಲ್ಲಿ ನೀರಿಗಿಂತ ಅದು ಮೊಲ್ಲಿಗೆ ಒಳ್ಳೆಯದು. ಚಿಪ್ಪು, ಹೈಡ್ರೊಮೀಟರ್, ಬಕೆಟ್ಟಿನಲ್ಲಿ ಉಪ್ಪು ಕರಗಿಸುವುದು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು, ಇವೆಲ್ಲ ಮೊಲ್ಲಿಯ ಜೊತೆ ರೂಢಿಯಾಗಲಿ. ಮೂರು-ನಾಲ್ಕು ತಿಂಗಳು ಉಪ್ಪಿನ ಅಳತೆ ಅಲುಗದೆ ನಿಂತರೆ ಕ್ರೊಮೈಡ್ ತನ್ನಿ. ಚಿಪ್ಪುಗಳನ್ನು ಕುದಿಸುವಾಗ ಒಳಗೆ ಅಂಟಿಕೊಂಡ ಮಾಂಸದ ಎಳೆಯೂ ಉಳಿಯದಂತೆ ಬ್ರಷ್ಷಿನಿಂದ ಉಜ್ಜಿ. ಅದು ಕೊಳೆತರೆ ಮೊದಲ ವಾರದಲ್ಲೇ ಅಮೋನಿಯಾ ಏರುತ್ತದೆ.